ಬುಡದ ಸಾಲು

"ಇದೂ ಅಲ್ಲ." ಸೋದರಮಾವ ಒದ್ದೆ ಬಟ್ಟೆಯನ್ನು ಕಲ್ಲಿನ ತಲೆಯ ಮೇಲೆ ಹಾಕಿ, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದ. "ಇವರು ಯಾರೋ ಔಷಧಿ ಅಂಗಡಿಯವರು. 'ಗಾಢ ನಿದ್ರೆಯಲ್ಲಿದ್ದಾರೆ' ಅಂತ ಕೆತ್ತಿಸಿದ್ದಾರೆ. ತಮ್ಮ ಅಂಗಡಿ ಮಾತ್ರೆನೇ ನುಂಗಿದ್ರೋ ಏನೋ."

ಹುಡುಗಿ ನಗಲಿಲ್ಲ. ಪಕ್ಕದ ಸಮಾಧಿಯ ಮುಂದೆ ಅವಳು ಆಗಲೇ ಮಂಡಿಯೂರಿದ್ದಳು. ಒಂದು ಹಿಡಿ ಹಸಿಮಣ್ಣನ್ನು ಕಲ್ಲಿನ ಮುಖಕ್ಕೆ ಬಳಿದು, ಅಂಗೈಯಿಂದ ಒತ್ತಿ, ಆಮೇಲೆ ಬಟ್ಟೆಯಿಂದ ಹಗುರಾಗಿ ಒರೆಸಿದಳು. ಮೇಲಿನ ಮಣ್ಣು ಹೋಗಿ ಅಕ್ಷರಗಳ ಕುಳಿಯಲ್ಲಿದ್ದದ್ದು ಮಾತ್ರ ಉಳಿಯಿತು. ಅಷ್ಟು ಹೊತ್ತು ಕಣ್ಣಿಗೆ ಕಾಣದೆ ಇದ್ದ ಹೆಸರು ಕಪ್ಪಗೆ ಎದ್ದು ಬಂತು. ಅವಳು ತುಟಿ ಅಲುಗಿಸುತ್ತ ಓದಿದಳು. ಒಬ್ಬ ಗಂಡಸಿನ ಹೆಸರು. ಬೆಳಿಗ್ಗೆಯಿಂದ ಹೀಗೆ ಎಷ್ಟೋ ಹೆಸರುಗಳು ಎದ್ದು ಬಂದಿದ್ದವು. ಅಜ್ಜಿಯದು ಮಾತ್ರ ಬಂದಿರಲಿಲ್ಲ.

ಅವಳ ಓದು ನಿಧಾನ. ಶಾಲೆ ಬಿಡಿಸಿ ಅಪ್ಪ ಕೆಲಸಕ್ಕೆ ಕರೆದುಕೊಂಡು ಹೋದಾಗ ಒತ್ತಕ್ಷರಗಳು ಇನ್ನೂ ಕೈಗೆ ಪೂರ್ತಿ ಹತ್ತಿರಲಿಲ್ಲ. ಅಪ್ಪನದು ನೆಲಕ್ಕೆ ಪಾಲೀಶು ಹಾಕುವ ಕೆಲಸ. ಹೊಸ ಮನೆಗಳ, ಅಂಗಡಿಗಳ, ಆಸ್ಪತ್ರೆಗಳ ಕಲ್ಲಿನ ನೆಲವನ್ನು ಅವನು ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದ. ಅವಳು ಡಬ್ಬದಿಂದ ನೀರು ಬಿಡುತ್ತಿದ್ದಳು. ನೀರು ಜಾಸ್ತಿ ಬಿದ್ದರೆ ಉಜ್ಜುಗಲ್ಲು ಜಾರುತ್ತದೆ, ಕಮ್ಮಿಯಾದರೆ ಗೀರು ಬೀಳುತ್ತದೆ. ಅಷ್ಟು ತಿಳಿಯುವುದಕ್ಕೇ ಒಂದು ಚಳಿಗಾಲ ಬೇಕಾಗಿತ್ತು. ಅಪ್ಪನ ನೆಲಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಮಾವ ಅವನನ್ನು 'ಕನ್ನಡಿ ಭಾವ' ಎಂದೇ ಕರೆಯುತ್ತಿದ್ದ.

ಆ ಅಪ್ಪ ನಿನ್ನೆ ಬೆಳಿಗ್ಗೆ ಹೋಗಿಬಿಟ್ಟಿದ್ದ. ಕಲ್ಲಿನ ಧೂಳು ಎದೆಯಲ್ಲಿ ಕೂತು ವರ್ಷಗಳಾಗಿತ್ತು. ಕೊನೆಯ ವಾರ ಮಾತು ಬಂದಾಗಲೆಲ್ಲ ಒಂದನ್ನೇ ಹೇಳಿದ. "ನನ್ನನ್ನ ಅವ್ವನ ಹತ್ರ ಹಾಕಿ. ಹೊಸ ಜಾಗಕ್ಕೆ ಮಾತ್ರ ಬೇಡ."

ಹೊಸ ಜಾಗ ಊರಾಚೆ ಇತ್ತು, ಕಸದ ಗುಡ್ಡದ ಹಿಂದೆ. ಅಲ್ಲಿ ಯಂತ್ರ ಬಂದು ಉದ್ದಕ್ಕೆ ಒಂದು ಕಾಲುವೆ ತೋಡುತ್ತದೆ. ಸತ್ತವರನ್ನು ಸಾಲಾಗಿ ಮಲಗಿಸಿ ಮುಚ್ಚುತ್ತಾರೆ. ಕಲ್ಲು ನೆಡುವ ಹಾಗಿಲ್ಲ, ಒಂದು ಕಡ್ಡಿ ಮಾತ್ರ. ನಾಲ್ಕಾರು ವರ್ಷ ಕಳೆದ ಮೇಲೆ ಅದೇ ಕಾಲುವೆಯನ್ನು ಮತ್ತೆ ತೋಡುತ್ತಾರೆ. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬನನ್ನು ಅಲ್ಲಿ ಹೂತಿದ್ದರು. ಮರುವರ್ಷ ಅಪ್ಪ ಅವನನ್ನು ನೋಡಿ ಬರಲು ಹೋಗಿ, ಕಡ್ಡಿಗಳ ನಡುವೆ ಸಂಜೆಯವರೆಗೆ ಅಲೆದು, ಸಿಗದೆ ವಾಪಸು ಬಂದಿದ್ದ. ಅವತ್ತು ಅವನು ಊಟ ಮಾಡಲಿಲ್ಲ. "ಮನುಷ್ಯನ್ನ ಕಳೆದುಬಿಟ್ರಲ್ಲ," ಎಂದಷ್ಟೇ ಅಂದ.

ಈ ಹಳೆಯ ಸ್ಮಶಾನದಲ್ಲಿ ಹೊಸಬರಿಗೆ ಜಾಗವಿರಲಿಲ್ಲ. ಗೇಟಿನ ಹತ್ತಿರದ ಕೋಣೆಯಲ್ಲಿ ಕೂತಿದ್ದ ಕಾವಲಿನ ಹೆಂಗಸು ಬೆಳಿಗ್ಗೆಯೇ ಅದನ್ನು ಹೇಳಿದ್ದಳು. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡ, ಗಂಡಸರ ಬೂಟು ಹಾಕಿದ, ಗಟ್ಟಿ ದನಿಯ ಹೆಂಗಸು. ಮಾವ ಅವಳಿಗೆ ಆಗಲೇ 'ಬೀಗದಮ್ಮ' ಎಂದು ಹೆಸರಿಟ್ಟಿದ್ದ.

"ನಿಮ್ಮೋರ ಕಲ್ಲು ಒಳಗಿದ್ರೆ ಅದೇ ಗುಂಡಿ ತೆಗೆದು ಹಾಕಬಹುದು," ಎಂದಿದ್ದಳು ಬೀಗದಮ್ಮ. "ಒಳಗೇನೂ ಉಳಿದಿರಲ್ಲ. ಈ ಮಣ್ಣು ಎಲ್ಲಾ ತಿಂದು ಮುಗಿಸಿರುತ್ತೆ. ಆದ್ರೆ ಕಲ್ಲು ತೋರಿಸ್ಬೇಕು. ಹೆಸರು ಓದಿಸ್ಬೇಕು. ಸಂಜೆ ಕಚೇರಿಯವರು ಬರ್ತಾರೆ, ಅವರು ಕಣ್ಣಾರೆ ನೋಡಿ ಹೂಂ ಅನ್ಬೇಕು."

"ಎಲ್ಲಿದೆ ಅಂತ ನಿಮ್ಮ ಪುಸ್ತಕದಲ್ಲಿ ಇರುತ್ತಲ್ಲ?" ಎಂದು ಮಾವ ಕೇಳಿದ್ದ.

"ಪುಸ್ತಕ ಗೆದ್ದಲು ಓದಿ ಮುಗಿಸಿ ಬಹಳ ಕಾಲ ಆಯ್ತು. ನಿಮಗೇ ಗೊತ್ತಿರಬೇಕಪ್ಪ, ನಿಮ್ಮ ಮನೆಯೋರು ಎಲ್ಲಿದ್ದಾರೆ ಅಂತ."

ಅದೇ ಗೊತ್ತಿರಲಿಲ್ಲ. ಅಪ್ಪ ಪ್ರತಿವರ್ಷ ಇಲ್ಲಿಗೆ ಬರುತ್ತಿದ್ದ, ಒಬ್ಬನೇ, ಕೈಯಲ್ಲೊಂದು ಬಕೆಟ್ಟು ಹಿಡಿದು. ಅವಳು ತೀರ ಚಿಕ್ಕವಳಿದ್ದಾಗ ಒಂದು ಸಲ ಕರೆತಂದಿದ್ದ. ಒಂದು ಗೋಡೆಯ ಮೇಲೆ ಕೂರಿಸಿದ್ದು, ಮರದ ನೆರಳು, ಅಪ್ಪನ ಬಾಗಿದ ಬೆನ್ನು, ಇಷ್ಟೇ ನೆನಪು. ಶಾಲೆಗೆ ಸೇರಿ ಅಂಗಡಿಗಳ ಬೋರ್ಡುಗಳನ್ನು ಅಪ್ಪನಿಗೆ ಓದಿ ಹೇಳುವಷ್ಟಾದ ಮೇಲೆ ಅವಳೇ ಕೇಳಿದ್ದಳು, ನಾನೂ ಬರಲಾ ಎಂದು. "ನೀನು ಬೇಡ," ಎಂದಿದ್ದ. ಮರುವರ್ಷವೂ ಹಾಗೆಯೇ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಅದು.

ಜೇಬಿನಲ್ಲಿ ಫೋನು ನಡುಗಿತು. ಅಮ್ಮ. ಆಸ್ಪತ್ರೆಯ ಹಿಂದಿನ ತಣ್ಣನೆಯ ಕೋಣೆಯ ಬಾಗಿಲಲ್ಲಿ ಕೂತಿದ್ದಳು.

"ಸಿಕ್ತಾ?"

"ಇಲ್ಲ ಅಮ್ಮ. ಹುಡುಕ್ತಾ ಇದ್ದೀವಿ."

"ಇಲ್ಲಿಯವನು ಆಗ್ಲಿಂದ ಎರಡು ಸಲ ಬಂದು ಹೋದ. ಇನ್ನೊಬ್ಬರು ಬರ್ತಿದ್ದಾರಂತೆ, ಜಾಗ ಬೇಕಂತೆ. ಸಂಜೆಗೆ ತಗೊಂಡು ಹೋಗದಿದ್ರೆ ಅವನೇ ಗಾಡಿ ಕರೆಸಿ ಹೊಸ ಜಾಗಕ್ಕೆ ಕಳಿಸ್ತಾನಂತೆ." ಅಮ್ಮ ದನಿ ತಗ್ಗಿಸಿದಳು. "ಹೊದ್ದಿಸಿದ ಬಟ್ಟೆ ಸಾಲ್ತಿಲ್ಲ ಕಣೇ. ಉದ್ದ ಅಲ್ವಾ ಅವರು. ಪಾದ ಹೊರಗೇ ಇದೆ. ಎಷ್ಟು ತೊಳೆದ್ರೂ ಆ ಹಿಮ್ಮಡಿ ಬಿಳಿ ಹೋಗ್ಲೇ ಇಲ್ಲ."

"ಸಿಗುತ್ತೆ ಅಮ್ಮ," ಎಂದಳು ಹುಡುಗಿ. ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ಅವಳಿಗೆ ಎದುರಿಗಿದ್ದ ಕಲ್ಲಿನಲ್ಲಿ ಯಾವ ಅಕ್ಷರವೂ ಕಾಣಲಿಲ್ಲ.

ಬಿಸಿಲು ಪಡುವಣಕ್ಕೆ ಹೊರಳಿತು. ಅವರು ನಡುದಾರಿಯ ಎರಡೂ ಕಡೆಯ ಸಾಲುಗಳನ್ನು ಮುಗಿಸಿದ್ದರು. ಕೆಲವು ಕಲ್ಲುಗಳು ಮುಖ ಅಡಿಯಾಗಿ ಬಿದ್ದಿದ್ದವು. ಅವನ್ನು ಮಾವ ಕೋಲಿನಿಂದ ಮೀಟಿದರೆ, ಹುಡುಗಿ ನೆಲಕ್ಕೆ ಕೆನ್ನೆ ಹಚ್ಚಿ ಸಂದಿಯಲ್ಲಿ ಇಣುಕುತ್ತಿದ್ದಳು. ಕೆಲವು ಮರದ ಬೇರಿನೊಳಗೆ ಅರ್ಧ ಸೇರಿಹೋಗಿದ್ದವು. ಅವಳ ಉಗುರುಸಂದಿಯೆಲ್ಲ ಪಾಚಿ. ಮಾವನ ತಮಾಷೆಗಳು ಕಮ್ಮಿಯಾಗುತ್ತಾ ಬಂದಿದ್ದವು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ಅವನು. ಬಾಯಿ ಸುಮ್ಮನಿದ್ದರೆ ಮೈಗೆ ಸೌಖ್ಯವಿಲ್ಲವೆಂದೇ ಅರ್ಥ.

"ಏನಮ್ಮ," ಎಂದ ಕಡೆಗೆ, ಒಂದು ಕಟ್ಟೆಯ ಮೇಲೆ ಕುಸಿದು ಕೂತು. "ನಿನ್ನ ಅಜ್ಜಿಗೆ ಕಲ್ಲು ನೆಟ್ಟಿದ್ದು ನಿಜ ತಾನೆ? ಭಾವನಿಗೆ ಏಳೋ ಎಂಟೋ ವರ್ಷ ಆಗ. ಅವನಪ್ಪ ಮೊದಲೇ ಇರಲಿಲ್ಲ. ಕಲ್ಲಿಗೆ ಯಾರು ಕೊಟ್ಟಿರ್ತಾರೆ?"

"ಇದೆ ಅಂತ ಅಪ್ಪ ಹೇಳ್ತಿದ್ರು. ಬರ್ತಿದ್ರಲ್ಲ ಮಾವ, ಪ್ರತಿವರ್ಷ."

"ಬರ್ತಿದ್ದ. ನಾನೂ ಕೇಳಿದ್ದೆ, ಏನು ಮಾಡ್ತೀಯ ಅಲ್ಲಿ ಹೋಗಿ ಅಂತ. 'ಅವ್ವನ ಮುಖ ತೊಳೆದು ಬರ್ತೀನಿ' ಅಂದ. ಆ ಮನುಷ್ಯನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದೇ ಹೆಚ್ಚು ಅಂತ ನಾನು ಮುಂದೆ ಕೇಳಲಿಲ್ಲ."

ಬೂಟುಗಳ ಸದ್ದಾಯಿತು. ಬೀಗದಮ್ಮ ನಡುದಾರಿಯಲ್ಲಿ ಬರುತ್ತಿದ್ದಳು. ಅವರಿಬ್ಬರ ಮಣ್ಣು ಹತ್ತಿದ ಬಟ್ಟೆಗಳನ್ನು ನೋಡಿ ತಲೆ ಆಡಿಸಿದಳು.

"ಇನ್ನೂ ಸಿಗಲಿಲ್ವಾ? ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು ಅಂದ್ರಿ?"

"ನೆಲಕ್ಕೆ ಪಾಲೀಶು ಹಾಕೋರು. ಪ್ರತಿವರ್ಷ ಬರ್ತಿದ್ರು ಇಲ್ಲಿಗೆ. ಉದ್ದಕ್ಕೆ ಇದ್ರು. ಬಕೆಟ್ಟು ತರ್ತಿದ್ರು," ಎಂದಳು ಹುಡುಗಿ. ಬೆಳಿಗ್ಗೆ ಅಪರಿಚಿತಳ ಮುಂದೆ ಬಾಯಿ ತೆರೆದಿರಲಿಲ್ಲ. ಮಾತೆಲ್ಲ ಮಾವನೇ ಆಡಿದ್ದ. ಈಗ ಒಂದೇ ಉಸಿರಿಗೆ ಬಂತು.

ಬೀಗದಮ್ಮನ ಮುಖ ಬದಲಾಯಿತು. "ಬಕೆಟ್ಟಿನವರಾ? ಕೆಮ್ಮೋರಲ್ವಾ? ಅಯ್ಯೋ, ಮೊದಲೇ ಹೇಳಬಾರದಾ ಹುಡುಗಿ! ನಾನು ಈ ಕೆಲಸಕ್ಕೆ ಸೇರಿದಾಗಿಂದ ನೋಡ್ತಿದ್ದೀನಿ ಅವರನ್ನ. ಗೇಟಲ್ಲಿ ನೀರು ಹಿಡ್ಕೊಂಡು ಆ ಕಡೆ ಹೋಗ್ತಿದ್ರು. ಬಿದ್ದ ಗೋಡೆ ಇದೆಯಲ್ಲ, ಅದರ ಆಚೆ. ಇಡೀ ದಿನ ಕರಕರ ಅಂತ ಸದ್ದು. ಹೋಗ್ತೀರಾ ಅಂತ ಕೇಳಿದ್ರೆ ತಲೆ ಆಡಿಸೋರು, ಅಷ್ಟೆ." ಅವಳು ಸೊಂಟದ ಬೀಗದ ಕೈಗಳನ್ನು ಹಿಡಿದುಕೊಂಡಳು. "ಹೋಗಿಬಿಟ್ರಾ ಅವರು."

ಹುಡುಗಿ ಆಗಲೇ ಓಡುತ್ತಿದ್ದಳು.

ಬಿದ್ದ ಗೋಡೆಯ ಆಚೆ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಮರವನ್ನು ಯಾವಾಗಲೋ ಕಡಿದಿದ್ದರು, ಬೊಡ್ಡೆ ಉಳಿದಿತ್ತು. ಅವಳು ಎರಡೂ ಕೈಗಳಿಂದ ಹುಲ್ಲು ಸರಿಸುತ್ತ ನಡೆದಳು. ಸೊಟ್ಟಗೆ ನಿಂತ, ಕಪ್ಪು ಹಿಡಿದ, ಒಂದನ್ನೊಂದು ಒರಗಿಕೊಂಡ ಕಲ್ಲುಗಳು. ಅವುಗಳ ನಡುವೆ ಬೊಡ್ಡೆಯ ಪಕ್ಕದಲ್ಲಿ ಏನೋ ಬೆಳ್ಳಗೆ ಮಿಂಚಿತು. ಯಾರೋ ಕನ್ನಡಿಯನ್ನು ಹುಲ್ಲಿನಲ್ಲಿ ಇಟ್ಟು ಮರೆತುಹೋದ ಹಾಗಿತ್ತು. ಅದರೊಳಗೆ ಮೋಡ ಸರಿಯುತ್ತಿತ್ತು.

ಅದೊಂದು ಕುಳ್ಳ ಕಲ್ಲು, ಅವಳ ಮೊಣಕಾಲಿಗಿಂತ ಕೊಂಚ ಎತ್ತರ. ಬೂದು ಬಣ್ಣದ್ದು. ಅವಳು ಮುಟ್ಟಿದಳು. ತಣ್ಣಗೆ, ನೀರನ್ನೇ ಮುಟ್ಟಿದ ಹಾಗೆ. ಮುಖ ಬಗ್ಗಿಸಿದರೆ ತನ್ನ ಮುಖವೇ ಕಂಡಿತು, ಕೆನ್ನೆಯ ಮೇಲಿನ ಮಣ್ಣಿನ ಸಮೇತ. ಅವಳು ಹೆಬ್ಬೆರಳನ್ನು ಕಲ್ಲಿನ ಅಂಚಿನ ಮೇಲೆ ಎಳೆದಳು. ಅಂಚು ಚೂಪಾಗಿರಲಿಲ್ಲ, ಒಳಗೊಂದು ಸಣ್ಣ ಇಳಿಜಾರು ಕೊಟ್ಟು ಉರುಟು ಮಾಡಿತ್ತು. ಅಪ್ಪ ಎಲ್ಲ ಮೆಟ್ಟಿಲುಗಳಿಗೂ ಹಾಗೆಯೇ ಮಾಡುತ್ತಿದ್ದ, ಮನೆಯವರು ಕೇಳದಿದ್ದರೂ. "ಮಕ್ಕಳ ಮೊಣಕಾಲು ತಾಗುತ್ತೆ," ಎನ್ನುತ್ತಿದ್ದ. ಬೇರೆ ಯಾವ ಪಾಲೀಶಿನವನೂ ಅಂಚಿಗೆ ಅಷ್ಟು ಹೊತ್ತು ಕೊಡುವುದಿಲ್ಲ.

"ಮಾವ! ಸಿಕ್ತು! ಅಪ್ಪನ ಕೈ ಇದು!"

ಮಾವ ಏದುಸಿರು ಬಿಡುತ್ತ ಬಂದ. ಕಲ್ಲನ್ನು ನೋಡಿ ಒಂದು ಕ್ಷಣ ಅವನ ಮುಖ ಅರಳಿತು. "ಕನ್ನಡಿ ಭಾವ, ಕನ್ನಡಿ ಭಾವ! ಸಮಾಧೀನೂ ಬಿಡಲಿಲ್ವಲ್ಲೋ! ಅಜ್ಜಿ ಕುಳ್ಳಿ ಇದ್ಲೇನೇ? ಕಲ್ಲು ಇಷ್ಟೇ ಇಷ್ಟು. ಇವನು ನೋಡಿದ್ರೆ ಬಿದಿರು ಗಳ." ನಕ್ಕ. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ಕಲ್ಲಿನ ಹತ್ತಿರಕ್ಕೆ ಬಾಗಿದ. ಇನ್ನೂ ಬಾಗಿದ. "ಹೆಸರೆಲ್ಲಿ?"

ಅವಳು ಮಣ್ಣು ಬಳಿದಳು. ಒರೆಸಿದಳು. ಮಣ್ಣು ಪೂರ್ತಿ ಬಂದುಬಿಟ್ಟಿತು, ಎಲ್ಲಿಯೂ ನಿಲ್ಲಲಿಲ್ಲ. ನಿಲ್ಲಲು ಜಾಗವೇ ಇರಲಿಲ್ಲ. ಮತ್ತೆ ಬಳಿದಳು. ಕಲ್ಲಿಗೆ ಕಣ್ಣು ಹಚ್ಚಿ, ಇಳಿಬಿಸಿಲು ಅಡ್ಡಕ್ಕೆ ಬೀಳುವ ಹಾಗೆ ಪಕ್ಕದಿಂದ ನೋಡಿದಳು. ಮೇಲ್ಗಡೆ ಮುಖದ ನಡುವೆ ಬಹಳ ನವುರಾದ ಒಂದು ತಗ್ಗು, ಯಾರೋ ಮಲಗಿ ಎದ್ದ ಹಾಸಿಗೆಯ ಹಾಗೆ. ಅಕ್ಷರ ಅಲ್ಲಿದ್ದವು. ವರ್ಷಕ್ಕೊಂದು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ, ಅಪ್ಪ ಅವುಗಳನ್ನು ಉಜ್ಜಿದ್ದ.

ಮಾವ ಹುಲ್ಲಿನ ಮೇಲೆ ಕೂತೇಬಿಟ್ಟ. "ಎಂಥ ಕೆಲಸ ಮಾಡಿಟ್ಟೆ ಭಾವ. ಅಕ್ಷರ ಅಂದ್ರೆ ನಿನಗೆ ಕೊಳೆ ಕೂರೋ ಗುಂಡಿ, ಅಷ್ಟೇ ಅಲ್ವಾ. ತೊಳೆದೇಬಿಟ್ಟೆ. ನಿನ್ನ ಮನೆ ಬಾಗಿಲಿಗೆ ನೀನೇ ಗೋಡೆ ಕಟ್ಕೊಂಡೆ." ಅವನ ದನಿ ಒಡೆಯಿತು. ಅಕ್ಕನ ಗಂಡನಿಗಾಗಿ ಅವನು ಅತ್ತದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಎಲ್ಲರಿಗೂ ಟೀ ತಂದುಕೊಡುವುದರಲ್ಲಿ ಅವನಿಗೆ ಪುರಸೊತ್ತಾಗಿರಲಿಲ್ಲ.

ಹುಡುಗಿ ಅಳಲಿಲ್ಲ. ಊರಾಚೆಯ ಆ ಕಾಲುವೆಯೇ ಅವಳ ಕಣ್ಣ ಮುಂದಿತ್ತು.

ಬೀಗದಮ್ಮ ಬಂದು ಕಲ್ಲಿನ ಮುಂದೆ ನಿಂತಳು. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಕಷ್ಟಪಟ್ಟು ಬಾಗಿ ಬೆರಳಿನಿಂದ ಮುಟ್ಟಿದಳು.

"ನಾನು ಒಂದು ಮಾತು ಹೇಳ್ತೀನಿ ಕೇಳಿ," ಎಂದಳು. "ಅವರು ಈ ಕಲ್ಲಿಗೆ ಬರ್ತಿದ್ದಿದ್ದನ್ನ ನಾನು ವರ್ಷ ವರ್ಷ ನೋಡಿದ್ದೀನಿ. ಹೆಸರು ಅಳಿಸಿಹೋಗಿರೋ ಕಲ್ಲಿಗೆ ಕಾವಲಿನವರ ಸಾಕ್ಷಿ ನಡೆಯುತ್ತೆ, ಅದು ಇಲ್ಲಿ ಮೊದಲಿಂದ ಇರೋ ರೂಢಿ. ಹೋದ ವರ್ಷ ಒಂದು ಮನೆಯೋರಿಗೆ ಹಾಗೇ ಆಯ್ತು. ಕಚೇರಿಯವರ ಮುಂದೆ ನಾನು ಹೇಳ್ತೀನಿ, ಇದು ಇವರದೇ ಅಂತ."

ಮಾವ ತಲೆಯೆತ್ತಿದ. "ಹೇಳ್ತೀರಾ?"

"ಹೇಳ್ತೀನಿ. ಆದ್ರೆ ಬೇರೆಯವರ ಹೆಸರು ಇರೋ ಕಲ್ಲಿಗೆ ನನ್ನ ಸಾಕ್ಷಿ ನಡೆಯಲ್ಲ. ಯಾರದೂ ನಡೆಯಲ್ಲ. ಹಿಂದೆ ಜನ ಮೋಸ ಮಾಡಿದ್ದಾರೆ, ಮೇಲೆ ಅಳಿಸಿ ಕೆಳಗೆ ಬಿಟ್ಟು ಸಿಕ್ಕಿಬಿದ್ದಿದ್ದಾರೆ. ಅದಕ್ಕೆ ಆ ಕಚೇರಿ ಮನುಷ್ಯ ಬುಡದವರೆಗೂ ಮಣ್ಣು ತೆಗೆಸಿ ನೋಡ್ತಾನೆ. ನೀವೇ ತೆಗೆದಿಡಿ, ಬಂದ ತಕ್ಷಣ ನೋಡಿ ಹೋಗ್ಲಿ. ನಾನು ಗೇಟಲ್ಲಿರ್ತೀನಿ." ಹೊರಟವಳು ತಿರುಗಿ ಹುಡುಗಿಯನ್ನು ನೋಡಿದಳು. "ಗಾಬರಿ ಬೀಳಬೇಡ ಮಗಾ. ಅಮ್ಮನ್ನ ಇಷ್ಟು ಚೆನ್ನಾಗಿ ನೋಡ್ಕೊಂಡ ಮಗನ್ನ ನಾನು ಈ ಕೆಲಸದಲ್ಲಿ ಕಂಡಿಲ್ಲ."

ಮಾವನಿಗೆ ಜೀವ ಬಂದಿತ್ತು. ಕಣ್ಣೊರೆಸಿಕೊಂಡು ಎದ್ದ. "ನಾನು ಹೋಗಿ ಅಕ್ಕನಿಗೆ ಫೋನ್ ಮಾಡಿ ಗಾಡಿಗೆ ಹೇಳ್ತೀನಿ. ಇಲ್ಲಿ ಸಿಗ್ನಲ್ ಹಿಡಿಯೋದೇ ಒಂದು ಸರ್ಕಸ್ಸು. ಬರೋವಾಗ ನೀರೂ ತರ್ತೀನಿ, ಕಲ್ಲು ಒಂದು ಸಲ ತೊಳೆಯೋಣ. ನೀನು ಬುಡ ಬಿಡಿಸ್ತಿರು." ಬಾಟಲಿ ಹಿಡಿದುಕೊಂಡು, ಹುಲ್ಲಿನಲ್ಲಿ ಎಡವುತ್ತ, ಬಸ್ಸಿನ ಹಿಂದೆ ಓಡುವವನ ಹಾಗೆ ಹೋದ.

ಅವಳು ಕೋಲಿನಿಂದ ಮಣ್ಣು ಸಡಿಲಿಸಿದಳು. ಕಲ್ಲು ತನ್ನ ಭಾರಕ್ಕೆ ವರ್ಷದಿಂದ ವರ್ಷಕ್ಕೆ ನೆಲದೊಳಗೆ ಇಳಿದಿತ್ತು. ಹುಲ್ಲಿನ ಬೇರು ಅದನ್ನು ಕುತ್ತಿಗೆ ಹಿಡಿದ ಹಾಗೆ ಸುತ್ತಿಕೊಂಡಿತ್ತು. ಹಿಂಬದಿಯಲ್ಲಿ ಕೈಗೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿದಿತ್ತು. ತೆಗೆದಳು. ಒಂದು ಚಿಂದಿ ಬಟ್ಟೆ, ಗಟ್ಟಿಯಾಗಿ ಒಣಗಿದ್ದು. ಅದರೊಳಗೆ ಎರಡು ಉಜ್ಜುಗಲ್ಲು. ಒಂದು ನಯದ್ದು, ಹೊಳಪು ಕೊಡುವುದು. ಇನ್ನೊಂದು ಒರಟು, ಅಪ್ಪನ ಬೆರಳುಗಳ ಆಕಾರಕ್ಕೆ ಸವೆದು ಹೋಗಿತ್ತು.

ಅವಳು ಒರಟು ಕಲ್ಲನ್ನು ಅಂಗೈಯಲ್ಲಿ ಹಿಡಿದು ಕೂತಳು. ಕೊಳೆ ತೆಗೆಯುವುದಕ್ಕೆ ಒರಟು ಕಲ್ಲು ಬೇಡ. ಬಟ್ಟೆ ಸಾಕು, ಹೆಚ್ಚೆಂದರೆ ನಯದ ಕಲ್ಲು. ಒರಟನ್ನು ಮುಟ್ಟುವುದು ಕಲ್ಲನ್ನೇ ಸವೆಸುವುದಕ್ಕೆ, ಉಬ್ಬು ತಗ್ಗು ಕಳೆಯುವುದಕ್ಕೆ. ಕೆಲಸ ಕಲಿಯುವ ಮೊದಲ ವಾರವೇ ಅಪ್ಪ ಅದನ್ನು ಹೇಳಿಕೊಟ್ಟಿದ್ದ.

ಅದರ ಬಗ್ಗೆ ಮುಂದೆ ಯೋಚಿಸದೆ ಅವಳು ಮಣ್ಣು ತೆಗೆಯತೊಡಗಿದಳು. ಹಳೆಯ ಮಣ್ಣು, ಹಿಟ್ಟಿನಂತೆ ಪುಡಿಯಾಗುತ್ತಿತ್ತು. ಹೊಳಪು ಇದ್ದಕ್ಕಿದ್ದಂತೆ ನಿಂತು, ಅದರ ಕೆಳಗೆ ಒರಟಾದ ಮೂಲಕಲ್ಲು ಶುರುವಾಯಿತು. ಅಪ್ಪನ ಕೈ ಅಲ್ಲಿಯವರೆಗೆ ಹೋಗಿರಲಿಲ್ಲ. ಅವಳ ಬೆರಳಿಗೆ ಒಂದು ಗೆರೆ ಸಿಕ್ಕಿತು. ಆಮೇಲೆ ಇನ್ನೊಂದು, ಬಾಗಿದ್ದು.

ಅಜ್ಜಿ, ಎಂದುಕೊಂಡಳು. ಒಂದಿಷ್ಟಾದರೂ ಉಳಿದಿದೆ. ಎರಡೂ ಕೈಗಳಿಂದ ಮಣ್ಣು ಬಾಚಿ ಆಚೆ ಎಸೆದಳು. ಹೊಟ್ಟೆಯ ಮೇಲೆ ಮಲಗಿ ಬಾಯಿಯಿಂದ ಊದಿದಳು. ಒಂದು ಸಾಲು. ಕುಳಿಗಳಲ್ಲಿ ಮಣ್ಣು ತಾನಾಗಿಯೇ ತುಂಬಿಕೊಂಡಿದ್ದರಿಂದ ಬೆಳಿಗ್ಗೆಯಿಂದ ಕಂಡ ಎಲ್ಲ ಸಾಲುಗಳಿಗಿಂತ ಅದು ಸ್ಪಷ್ಟವಾಗಿತ್ತು. ಅವಳು ಒಂದೊಂದೇ ಅಕ್ಷರ ಕೂಡಿಸಿದಳು.

'ಗಡಿಯಾರದವರ ಕೂಸು. ಆಗಷ್ಟೇ ನಡೆಯಲು ಕಲಿತಿದ್ದಳು.'

ಮತ್ತೊಮ್ಮೆ ಓದಿದಳು. ಒತ್ತಕ್ಷರದಲ್ಲಿ ತಾನೆಲ್ಲೋ ತಪ್ಪಿರಬಹುದೆಂದು ಬೆರಳಿಟ್ಟು ಓದಿದಳು. ತಪ್ಪಿರಲಿಲ್ಲ.

ಮೇಲೆ ಎಲ್ಲೋ ಒಂದು ಹಕ್ಕಿ ಒಂದೇ ಸ್ವರವನ್ನು ಹಿಡಿದು ಕೂಗುತ್ತಿತ್ತು. ಏಳೆಂಟು ವರ್ಷದ ಒಬ್ಬ ಹುಡುಗ, ಯಾರದೋ ಕೈ ಹಿಡಿದುಕೊಂಡು ಈ ಹುಲ್ಲಿನಲ್ಲಿ ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು. ಅಗೋ, ಆ ಮರದ ಹತ್ತಿರ, ಎಂದು ಯಾರೋ ಬೆರಳು ತೋರಿಸಿರಬಹುದು. ಅಥವಾ ಯಾರೂ ತೋರಿಸದೆ ಇರಬಹುದು. ಯಾರೂ ಬಂದು ಕೇಳದ, ತನ್ನ ಕೈಗೆ ಎಟುಕುವಂಥ ಒಂದು ಕಲ್ಲನ್ನು ಅವನೇ ಆರಿಸಿಕೊಂಡಿರಬಹುದು. ಆಮೇಲೆ ಒಂದು ದಿನ ಅಕ್ಷರ ಬಲ್ಲ ಯಾರಾದರೂ ದಾರಿಹೋಕರು ಅವನಿಗೆ ಅದನ್ನು ಓದಿ ಹೇಳಿರಬಹುದು. ಅವಳು ಎದ್ದು ಕೂತು ಒರಟು ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮಣ್ಣು ಮತ್ತೆ ಮುಚ್ಚಿಬಿಡಲೇ ಎಂದುಕೊಂಡಳು. ಮುಚ್ಚಿದರೆ ಕಚೇರಿಯವನು ತೆಗೆಸುತ್ತಾನೆ. ಇಲ್ಲ, ಇದು ನಮ್ಮದಲ್ಲ ಎಂದು ಗೇಟಿಗೆ ಹೋಗಿ ಹೇಳಿದರೆ? ಉಳಿದಿರುವ ಬೆಳಕಿನಲ್ಲಿ ಇನ್ನೆಷ್ಟು ಕಲ್ಲು ಓದಲಾದೀತು? ಬಿದ್ದ ಗೋಡೆಯ ಈ ಕಡೆಯೂ ಕಣ್ಣು ಹಾಯುವವರೆಗೆ ಕಲ್ಲುಗಳೇ. ಅಮ್ಮ ಈ ಹೊತ್ತಿಗೆ ಫೋನಿನಲ್ಲಿ ಮಾವನ ಮಾತು ಕೇಳಿ, ಬಾಗಿಲು ಹಿಡಿದು ಎದ್ದು ನಿಂತಿರುತ್ತಾಳೆ. ಬಿಳಿಯ ಹಿಮ್ಮಡಿಗಳನ್ನು ಗಾಡಿಗೆ ಎತ್ತುತ್ತಿರುತ್ತಾರೆ. ಆ ಗಾಡಿ ಇಲ್ಲಿಗೆ ಬಾರದಿದ್ದರೆ ಹೋಗುವುದೆಲ್ಲಿಗೆ ಎಂಬುದು ಅದರ ಚಾಲಕನಿಗೂ ಗೊತ್ತು.

ಕೂಸಿನವರು ಯಾರೂ ಇರಲಿಕ್ಕಿಲ್ಲ. ಇದ್ದಿದ್ದರೆ ಬರುತ್ತಿದ್ದರು. ಇಷ್ಟು ವರ್ಷ ಬಂದವನು ಅಪ್ಪ ಒಬ್ಬನೇ. ಹೀಗೆಂದುಕೊಂಡಾಗ ಅದು ನಿಜವೆಂದೇ ಅನ್ನಿಸಿತು.

ಅವಳು ಬಾಯಿ ಒಣಗಿದ್ದರೂ ಉಗುಳು ಕೂಡಿಸಿ ಒರಟು ಕಲ್ಲಿಗೆ ಹಚ್ಚಿದಳು. ಸಾಲಿನ ಕೊನೆಯ ಅಕ್ಷರದ ಮೇಲೆ ಇಟ್ಟು ಎಳೆದಳು. ಕರಕ್ ಎಂದಿತು. ಒಣಗಿತ್ತು. ಗೀರು ಬಿತ್ತು.

"ಹಾಗೆ ಆಗಲ್ಲ."

ಮಾವ ಹಿಂದೆ ನಿಂತಿದ್ದ. ಯಾವಾಗ ಬಂದನೋ. ಕೈಯಲ್ಲಿ ತುಂಬಿದ ಬಾಟಲಿ. ಅವನು ಕನ್ನಡಕದೊಳಗಿಂದ ಬುಡದ ಸಾಲನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಓಡುವ ಬಸ್ಸಿನಲ್ಲಿ ಸಣ್ಣಕ್ಷರ ಓದಿದವನು. ತಮಾಷೆಯೊಂದು ಬರಬಹುದೆಂದು ಅವಳು ಕಾದಳು. ಬರಲಿಲ್ಲ.

"ಗಾಡಿ ಹೊರಟಿದೆ," ಎಂದ ಮೆಲ್ಲಗೆ. "ಅಕ್ಕ ಅಳ್ತಿದ್ಲು. ಸಮಾಧಾನದ ಅಳು." ಅವನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ; ಮಂಡಿಗಳು ಲಟಕ್ಕೆಂದವು. ಬಾಟಲಿಯ ಮುಚ್ಚಳ ತೆಗೆದ. "ಉಜ್ಜೋರು ಒಬ್ಬರಾದ್ರೆ ನೀರು ಬಿಡೋರು ಒಬ್ಬರು ಬೇಕಲ್ವೇನೇ. ಎಷ್ಟು ಬಿಡ್ಲಿ, ಹೇಳು. ನನಗೆ ಗೊತ್ತಾಗಲ್ಲ."

"ಸಣ್ಣಗೆ," ಎಂದಳು ಅವಳು. "ನಿಲ್ಲಿಸದ ಹಾಗೆ."

ಅವನು ಬಿಟ್ಟ. ಅವಳು ಉಜ್ಜಿದಳು. ಮೊದಲು ಮುಂದಕ್ಕೂ ಹಿಂದಕ್ಕೂ, ಆಮೇಲೆ ಕೈ ತಾನಾಗಿ ಸುತ್ತುಸುತ್ತಾಗಿ ಹೋಗತೊಡಗಿತು, ಅಪ್ಪನ ಕೈ ಹೋಗುತ್ತಿದ್ದ ಹಾಗೆ. ವರ್ಷಗಟ್ಟಲೆ ಮಣ್ಣಿನಲ್ಲಿ ಹೂತು ಕಲ್ಲಿನ ಮೇಲ್ಪದರ ಮೆತ್ತಗಾಗಿತ್ತು; ಬೇಗ ಬಿಟ್ಟುಕೊಟ್ಟಿತು. ಬುಡದಲ್ಲಿ ಬೂದುಬಿಳಿಯ ಕೆಸರು ಕೂಡಿತು. ನೀರು ಮುಗಿದಾಗ ಮಾವ ಎದ್ದು ಹೋಗಿ ತುಂಬಿಸಿಕೊಂಡು ಬಂದ, ಮತ್ತೆ ಹೋದ, ಮತ್ತೆ ಬಂದ. ನೆರಳು ಬೊಡ್ಡೆಯನ್ನು ದಾಟಿ ಅವರ ಮೇಲೆ ಬಂತು.

ಒಂದು ಹಂತದಲ್ಲಿ ಅವಳು ಕೈ ನಿಲ್ಲಿಸಿ, ಎಷ್ಟಾಯಿತು ನೋಡಲೆಂದು ಅಂಗೈಯಿಂದ ಕೆಸರು ಒರೆಸಿದಳು. ಒದ್ದೆ ಕಲ್ಲು ಕಪ್ಪಗಿತ್ತು. ಸವೆದು ಸವೆದು ಕೂದಲೆಳೆಯಷ್ಟೇ ಆಳ ಉಳಿದಿದ್ದ ಕುಳಿಗಳಲ್ಲಿ ಬಿಳಿ ಕೆಸರು ಕೂತು, ಸಾಲು ಪೂರ್ತಿ ಬೆಳ್ಳಗೆ ಎದ್ದು ನಿಂತಿತ್ತು, ಆಗ ತಾನೇ ಯಾರೋ ಸೀಮೆಸುಣ್ಣದಲ್ಲಿ ಬರೆದು ಹೋದ ಹಾಗೆ. ಬಹುಶಃ ಕೆತ್ತಿದ ದಿನವೂ ಅದು ಅಷ್ಟು ಚೆನ್ನಾಗಿ ಕಂಡಿರಲಿಕ್ಕಿಲ್ಲ.

ದೂರದಲ್ಲಿ ಗೇಟಿನ ಸರಪಳಿ ಬಿಚ್ಚಿದ ಸದ್ದಾಯಿತು. ಬೀಗದಮ್ಮನ ಗಟ್ಟಿ ದನಿ, ಜೊತೆಗೊಂದು ಗಂಡಸಿನ ದನಿ.

"ಬಂದ್ರು," ಎಂದ ಮಾವ. ಬಾಟಲಿ ಬಗ್ಗಿಸಿದ. "ಬಿಡ್ಲಾ?"

"ತಾಳು ಮಾವ."

ಅವಳು ಕಲ್ಲಿನ ಹತ್ತಿರಕ್ಕೆ ಬಾಗಿ, ಶಾಲೆಯಲ್ಲಿ ಓದಿಸುತ್ತಿದ್ದ ಹಾಗೆ ಅಕ್ಷರಕ್ಕೊಂದು ಬೆರಳಿಟ್ಟು, ಆ ಸಾಲನ್ನು ಬಾಯಿಬಿಟ್ಟು ಓದಿದಳು. ದನಿ ಬಹಳ ಸಣ್ಣದಿತ್ತು. ಮಾವ ತಲೆಯ ಮೇಲಿನ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ.

"ಬಿಡು," ಎಂದಳು.

ನೀರು ಬಿತ್ತು. ಅವಳ ಕೈ ಸುತ್ತಿತು. ಹಾಲಿನಂಥ ನೀರು ಕಲ್ಲಿನಿಂದ ಇಳಿದು ಹುಲ್ಲಿನ ಬೇರುಗಳೊಳಗೆ ಇಂಗಿತು. ಬೂಟುಗಳ ಸದ್ದು ಬಿದ್ದ ಗೋಡೆಯನ್ನು ದಾಟುವಾಗ ಅವಳು ಒರಟು ಕಲ್ಲನ್ನು ಡಬ್ಬಿಗೆ ಹಾಕಿ, ನಯದ್ದನ್ನು ಎತ್ತಿಕೊಂಡು, ಮಣ್ಣಿನಲ್ಲಿ ಮುಚ್ಚಿಹೋಗಲಿದ್ದ ಬುಡದ ಅಂಚನ್ನು ಉರುಟು ಮಾಡುತ್ತಿದ್ದಳು. ಆಮೇಲೆ ಹೆಬ್ಬೆರಳನ್ನು ಅದರ ಮೇಲೆ ಒಂದು ಸಲ, ಈ ತುದಿಯಿಂದ ಆ ತುದಿಯವರೆಗೆ, ಎಳೆದು ನೋಡಿದಳು.